ಬನಿಯನ್ನೂ ಒಂದು ಉಪಕರಣ

ಪ್ರದರ್ಶನಕ್ಕೆ ಒಂದು ದಿನ ಮೊದಲು, ಕೊಯಮತ್ತೂರಿನ ಶಾಲೆಯೊಂದರ ಸಭಾಂಗಣದಲ್ಲಿ ನಾವೆಲ್ಲ ಚಿತ್ರ ತೂಗುಹಾಕುತ್ತಿದ್ದಾಗ, ನಮ್ಮ ಹವ್ಯಾಸಿ ಖಗೋಳ ಕೂಟದ ಅಧ್ಯಕ್ಷರು ನನ್ನ ಕಾರ್ಡನ್ನು ಹಿಡಿದುಕೊಂಡು ಬಂದರು. ಪ್ರತಿ ಚಿತ್ರದ ಕೆಳಗೂ ಒಂದು ಕಾರ್ಡು ಇರಬೇಕೆಂಬುದು ಅವರೇ ಮಾಡಿದ ನಿಯಮ: ಆಕಾಶದಲ್ಲಿ ಯಾವುದನ್ನು ತೆಗೆದದ್ದು, ಎಲ್ಲಿಂದ, ಯಾವ ಯಾವ ಉಪಕರಣದಿಂದ. ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರೆಯಬೇಕು. ನನ್ನ ಚಿತ್ರ ಮಹಾವ್ಯಾಧ ನಕ್ಷತ್ರಪುಂಜದ್ದು. ಉಪಕರಣಗಳು ಎಂದಿದ್ದಲ್ಲಿ ನಾನು ನಾಲ್ಕು ಬರೆದಿದ್ದೆ: ಹಳೆಯ ಕ್ಯಾಮೆರಾ, ಐವತ್ತು ಮಿಲಿಮೀಟರ್ ಲೆನ್ಸ್, ಟ್ರೈಪಾಡ್, ಬನಿಯನ್.

“ಕೊನೇದನ್ನ ತೆಗೆದುಬಿಡಮ್ಮ,” ಅಂದರು.

“ಎದಕ್ಕೆ ಸಾರ್?”

“ತಮಾಷೆ ಸಾಕು ಅಂತ.”

“ತಮಾಷೆ ಅಲ್ಲ ಸಾರ್, ನಿಜ.”

“ಹಾಗಾದ್ರೆ ನಿನ್ನ ಚಿತ್ರ ಗೋಡೆ ಹತ್ತಲ್ಲ.”

ಅದು ನಾನು ಪ್ರದರ್ಶನಕ್ಕೆ ಕೊಟ್ಟ ಮೊದಲ ಚಿತ್ರ. ಮರುದಿನ ಅದನ್ನು ನೋಡಲೆಂದೇ ತಿರುಪ್ಪೂರಿನಿಂದ ಅತ್ತೆ ಬರುವವರಿದ್ದರು. ಗೋಡೆ ಹತ್ತಲೇಬೇಕಿತ್ತು. ಆದರೆ ಆ ಸಾಲನ್ನು ಬಿಟ್ಟು ಹತ್ತುವ ಇರಾದೆ ನನಗಿರಲಿಲ್ಲ.

ಸಾರ್ ಯಾರೆಂದು ಹೇಳಬೇಕು. ಕರ್ನಾಟಕದಿಂದ ಇಲ್ಲಿನ ಪಂಪಿನ ಕಾರ್ಖಾನೆಯೊಂದಕ್ಕೆ ಎಂಜಿನಿಯರಾಗಿ ಬಂದವರು. ಕೂಟದಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ, ಆದರೆ ಇಬ್ಬರದೂ ಒಂದೇ ಕನ್ನಡವಲ್ಲ. ನಮ್ಮ ಮನೆತನ ಎಷ್ಟೋ ತಲೆಮಾರಿನಿಂದ ಈ ಕಡೆಯದು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. “ಓದೋಕೆ ಬರದ ಭಾಷೆ ಅದು ಹೇಗಮ್ಮ ಮಾತೃಭಾಷೆ ಆಗುತ್ತೆ?” ಎಂದು ಅವರು ಒಮ್ಮೆ ಕೆಣಕಿದ್ದಕ್ಕೆ ಹಟ ಹಿಡಿದು ಅಕ್ಷರ ಕಲಿತೆ. ಇದಕ್ಕಾಗಿ ಅವರಿಗೆ ಕೃತಜ್ಞಳಾಗಿರಬೇಕು. ಆಗಿಲ್ಲ.

ಸಾರ್ ಬಳಿ ದೂರದರ್ಶಕವಿದೆ, ಅದನ್ನು ಆಕಾಶದ ಜೊತೆ ಜೊತೆಗೇ ನಿಧಾನವಾಗಿ ತಿರುಗಿಸುವ ಮೋಟಾರಿನ ಪೀಠವಿದೆ, ತನ್ನನ್ನು ತಾನೇ ತಣ್ಣಗಿಟ್ಟುಕೊಳ್ಳುವ ಕ್ಯಾಮೆರಾ ಇದೆ. ಅದನ್ನೆಲ್ಲ ಊರ ದೀಪಗಳಿಂದ ದೂರ, ತೊಂಡಾಮುತ್ತೂರಿನ ಕಡೆಯ ತೋಟಕ್ಕೆ ಸಾಗಿಸಲು ಕಾರು ಬೇಕು. ನನ್ನ ಸಾಮಾನೆಲ್ಲ ಧಾರಾಪುರದ ಬಸ್ಸಿನಲ್ಲಿ ತೊಡೆಯ ಮೇಲೆ ಕೂರುತ್ತದೆ.

ಹಾಗೆಂದು ‘ಕ್ಯಾಮೆರಾದಲ್ಲೇನಿದೆ, ನೋಡುವ ಕಣ್ಣು ಬೇಕು’ ಎನ್ನುವ ಗುಂಪಿಗೆ ನನ್ನನ್ನು ಸೇರಿಸಬೇಡಿ. ಅವರ ಜೊತೆಗೂ ನನಗೆ ಜಗಳವಿದೆ. ಭೂಮಿ ತಿರುಗುತ್ತಲೇ ಇರುತ್ತದೆ. ಸುಮ್ಮನೆ ನಿಂತ ಟ್ರೈಪಾಡಿನ ಮೇಲೆ ಕ್ಯಾಮೆರಾವನ್ನು ಸ್ವಲ್ಪ ಹೆಚ್ಚು ಹೊತ್ತು ತೆರೆದಿಟ್ಟರೂ ಚುಕ್ಕಿಯಾಗಿರಬೇಕಾದ ನಕ್ಷತ್ರ ಶಾವಿಗೆಯಾಗುತ್ತದೆ. ಎಂಥ ಕಲಾವಿದನ ಕಣ್ಣಿಗೂ ಭೂಮಿ ಮರ್ಯಾದೆ ಕೊಟ್ಟು ನಿಲ್ಲುವುದಿಲ್ಲ. ಅದಕ್ಕೇ ನಾನು ಕೆಲವೇ ಸೆಕೆಂಡಿನ ನೂರಾರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿ ಒಂದು ಮಾಡುತ್ತೇನೆ. ಸಾರ್ ಅವರ ಪೀಠ ಒಂದೇ ಚಿತ್ರಕ್ಕೆ ಎಷ್ಟೋ ನಿಮಿಷ ಬೆಳಕು ಕುಡಿಯುತ್ತದೆ. ಅವರ ಮಹಾವ್ಯಾಧ ನನ್ನದಕ್ಕಿಂತ ಚೆನ್ನಾಗಿದೆ. ಕೇಳಿದವರಿಗೆಲ್ಲ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ದುಬಾರಿ ಉಪಕರಣಕ್ಕೆ ಬೆಲೆಯಿದೆಯೇ ಎಂಬುದು ನನ್ನ ತಕರಾರೇ ಅಲ್ಲ. ಬೆಲೆಯಿಲ್ಲದ್ದನ್ನು ಉಪಕರಣವೆಂದು ಕರೆಯಲು ನಾಲಿಗೆ ಯಾಕೆ ಹೊರಳುವುದಿಲ್ಲ ಎಂಬುದು ತಕರಾರು.

ಬನಿಯನ್ ಎಲ್ಲಿಂದ ಬಂತು ಅಂದರೆ, ಹೀಗೆ. ಯಾವ ಲೆನ್ಸೂ ಶುದ್ಧವಲ್ಲ. ನಡುವೆ ಬೆಳಕು ಹೆಚ್ಚು, ಮೂಲೆಗಳಲ್ಲಿ ಕಡಿಮೆ. ಒಳಗೆಲ್ಲೋ ಕೂತ ಧೂಳಿನ ಕಣ ಚಿತ್ರದಲ್ಲಿ ಬೂದುಬಣ್ಣದ ಕಲೆಯಾಗುತ್ತದೆ. ಅಂಗಡಿಯವರು ಎಣ್ಣೆ ತೂಗುವ ಮೊದಲು ಖಾಲಿ ಡಬ್ಬವನ್ನು ತೂಗಿಕೊಳ್ಳುವುದಿಲ್ಲವೇ, ಹಾಗೆ ನಾವು ಏನೂ ಇಲ್ಲದ, ಸಮನಾದ ಬಿಳುಪಿನ ಚಿತ್ರವೊಂದನ್ನು ತೆಗೆದಿಟ್ಟುಕೊಳ್ಳಬೇಕು. ಅದಕ್ಕೆ ಫ್ಲಾಟ್ ಎನ್ನುತ್ತಾರೆ. ಅದರಲ್ಲಿ ಲೆನ್ಸಿನ ಕೊರತೆಗಳು ಮಾತ್ರ ಇರುತ್ತವೆ. ಕಂಪ್ಯೂಟರು ಅವನ್ನು ಲೆಕ್ಕಕ್ಕೆ ಹಿಡಿದು ಅಸಲಿ ಚಿತ್ರದಲ್ಲಿ ಸರಿಪಡಿಸುತ್ತದೆ. ಈ ಬಿಳುಪಿಗೆ ಸಾರ್ ಬೆಳಕಿನ ಹಲಗೆಯೊಂದನ್ನು ಕೊಂಡಿದ್ದಾರೆ. ಕೊಳ್ಳಲಾಗದವರು ಬೆಳಗಿನ ಜಾವದ ಆಕಾಶಕ್ಕೆ ಲೆನ್ಸ್ ತಿರುಗಿಸಿ, ಅದರ ಮೂತಿಗೆ ಬಿಳೀ ಬನಿಯನ್ ಬಿಗಿದು ಕಟ್ಟುತ್ತಾರೆ. ಇದು ನನ್ನ ಆವಿಷ್ಕಾರವಲ್ಲ; ಎಲ್ಲೆಲ್ಲಿಯದೋ ಹವ್ಯಾಸಿಗಳು ಮಾಡುವುದು ಇದನ್ನೇ. ಅವರು ಕಟ್ಟುವ ಬನಿಯನ್ನುಗಳಲ್ಲಿ ಎಷ್ಟನ್ನು ಬನಿಯನ್ನೇ ಕಸುಬಾದ ನಮ್ಮ ತಿರುಪ್ಪೂರಿನಲ್ಲಿ ಹೊಲಿದರೋ.

ಅತ್ತೆ ಎಂದರೆ ಅಪ್ಪನ ತಂಗಿ. ತಿರುಪ್ಪೂರಿನಲ್ಲಿ ಅವರದೊಂದು ಚಿಕ್ಕ ಚೆಕಿಂಗ್ ಯೂನಿಟ್ ಇದೆ. ಹೊಲಿದು ಬಂದ ಬಟ್ಟೆಯಲ್ಲಿ ತೂತು, ಕಲೆ ಹುಡುಕಿ ಬೇರೆ ಮಾಡಿ, ಉಳಿದದ್ದನ್ನು ಮಡಚಿ ಪೆಟ್ಟಿಗೆಗೆ ತುಂಬುವ ಕೆಲಸ. ಅಲ್ಲಿಗೆ ಹೋಗಿ ಕೇಳಿದೆ.

“ಅತ್ತೆ, ಒಂದು ಬಿಳೀ ಬನಿಯನ್ ಬೇಕು.”

“ಡ್ಯಾಮೇಜ್ ಪೀಸು ಆ ಮೂಟೆಲಿ ಇದೆ, ತಗೋ ಅಮ್ಮಣಿ. ಎದಕ್ಕೆ, ಸ್ಕೂಟಿ ಒರ್ಸಾಕಾ?”

“ಇಲ್ಲ, ಕ್ಯಾಮೆರಾಗೆ ಹಾಕಾಕೆ.”

“ಅದಕ್ಕೂ ಕುಳಿರಾ?”

ಕ್ಯಾಮೆರಾಕ್ಕೂ ಚಳಿಯೇ ಎಂದದ್ದಕ್ಕೆ ಮೇಜಿನ ಸುತ್ತ ಕೂತಿದ್ದ ಹೆಂಗಸರೆಲ್ಲ ನಕ್ಕರು. ಆಕಾಶದ ಫೋಟೋ ತೆಗೆಯಲು ಅದನ್ನು ಲೆನ್ಸಿನ ಮೇಲೆ ಕಟ್ಟಬೇಕೆಂದು ವಿವರಿಸಿದೆ.

“ಆಕಾಶಾನ ಫೋಟೋ ಹಿಡಿಯಾಕೆ ಆಕಾಶಾನೇ ಮುಚ್ತೀಯಾ? ಓದಿದ್ದು ಜಾಸ್ತಿ ಆಯ್ತು ನಿಂಗೆ,” ಅಂದರು ಅತ್ತೆ.

ಧಾರಾಪುರದ ಹತ್ತಿರ ಅತ್ತೆಯ ತೋಟದ ಮನೆಯಿದೆ. ಅದರ ತಾರಸಿಯಿಂದ ಮಹಾವ್ಯಾಧನನ್ನು ತೆಗೆದು, ಬೆಳಕು ಹರಿಯುವಾಗ ಬನಿಯನ್ ಕಟ್ಟಿ ಫ್ಲಾಟ್ ತೆಗೆದುಕೊಂಡೆ. ಎಲ್ಲವನ್ನೂ ಕೂಡಿಸಿ ನೋಡಿದರೆ ಚಿತ್ರದ ಒಂದು ಮಗ್ಗುಲಿನಲ್ಲಿ ತೆಳುವಾದ ಕೆಂಪು ಮೋಡ. ಆ ಭಾಗದ ಆಕಾಶದಲ್ಲಿ ನಿಜವಾಗಿಯೂ ಅಂಥದೊಂದು ಮಸುಕು ಮೋಡವಿದೆ, ನೆಬ್ಯುಲಾ ಎನ್ನುತ್ತಾರೆ. ದುಬಾರಿ ಕ್ಯಾಮೆರಾಗಳಿಗೇ ಕಷ್ಟಪಟ್ಟು ಸಿಗುವಂಥದ್ದು. ನನ್ನ ಹಳೇ ಕ್ಯಾಮೆರಾಕ್ಕೆ ಸಿಕ್ಕಿಬಿಟ್ಟಿದೆ! ಕೂಟದ ವಾಟ್ಸಾಪ್ ಗುಂಪಿಗೆ ಚಿತ್ರ ಕಳಿಸಿ, “ಉಪಕರಣದ ಮಹಿಮೆ ಹಾಡುವವರು ಇದನ್ನು ನೋಡಿ” ಎಂದು ಬರೆದೆ.

ಬರೆದ ಮೇಲೆ ಅನುಮಾನ ಶುರುವಾಯಿತು. ನನ್ನ ವಾದಕ್ಕೆ ಬೇಕಾದ ಸಾಕ್ಷಿ ಬೇಕಾದ ಹೊತ್ತಿಗೇ ಬಂದು ನಿಂತರೆ ಮೊದಲು ಸಾಕ್ಷಿಯನ್ನೇ ಪಾಟೀಸವಾಲಿಗೆ ಎಳೆಯಬೇಕೆಂದು ಚರ್ಚಾಸ್ಪರ್ಧೆಗಳಲ್ಲಿ ಕಲಿತಿದ್ದೇನೆ. ಮರುದಿನ ಬೆಳಿಗ್ಗೆ ಬನಿಯನ್ನನ್ನು ಕಾಲುಸುತ್ತು ತಿರುಗಿಸಿ ಕಟ್ಟಿ ಹೊಸ ಫ್ಲಾಟ್ ತೆಗೆದೆ. ಮೋಡವೂ ಕಾಲುಸುತ್ತು ತಿರುಗಿತು. ಆಕಾಶದ ಮೋಡ ಬನಿಯನ್ನಿನ ಮಾತು ಕೇಳುವುದಿಲ್ಲ. ಬಟ್ಟೆ ಬಿಚ್ಚಿ ನೋಡಿದರೆ, ನಾನು ಕಟ್ಟಿದ್ದು ಕುತ್ತಿಗೆಯ ಭಾಗವನ್ನು. ಅಲ್ಲಿ ಒಳಗಡೆ ನೀಲಿ ಶಾಯಿಯಲ್ಲಿ ಸೈಜು ಅಚ್ಚೊತ್ತಿದ್ದರು. ಆ ನೀಲಿ ಕೆಂಪು ಬೆಳಕನ್ನು ನುಂಗಿತ್ತು. ಅಲ್ಲಿ ಕೆಂಪು ಕಡಿಮೆಯಿದೆಯೆಂದು ನಂಬಿದ ಕಂಪ್ಯೂಟರು, ಪಾಪ, ಧಾರಾಳವಾಗಿ ತುಂಬಿಕೊಟ್ಟಿತ್ತು.

ಬೇರೆಯವರು ಕಂಡುಹಿಡಿಯುವ ಮೊದಲೇ ಗುಂಪಿನಲ್ಲಿ ಬರೆದೆ: ಅದು ನೆಬ್ಯುಲಾ ಅಲ್ಲ, ಸೈಜಿನ ಅಚ್ಚು. ಸಾರ್ ತಕ್ಷಣ ಕೇಳಿದರು: “ನಿನ್ನ ನೆಬ್ಯುಲಾ ಲಾರ್ಜಾ, ಎಕ್ಸೆಲ್ಲಾ?”

“ಮೀಡಿಯಂ ಸಾರ್,” ಅಂದೆ. ಏನು ಮಾಡುವುದು, ಅದೂ ನಿಜವೇ.

ಅಚ್ಚಿಲ್ಲದ ಭಾಗವನ್ನು ಕಟ್ಟಿ ಮತ್ತೆ ಫ್ಲಾಟ್ ತೆಗೆದೆ. ಮೋಡ ಹೋಯಿತು, ಧೂಳಿನ ಕಲೆಗಳು ಹೋದವು, ಮೂಲೆಗಳು ಬೆಳಗಿದವು. ನಾನು ಸಭಾಂಗಣಕ್ಕೆ ತಂದದ್ದು ಆ ಚಿತ್ರ.

ಈಗ ಕಾರ್ಡು ಹಿಡಿದು ನಿಂತ ಸಾರ್ ಬಳಿಗೆ ಬರೋಣ.

“ಸಾರ್, ನನ್ನ ಚಿತ್ರ ಬನಿಯನ್ನಿಂದ ಕೆಟ್ಟಿತು ಅಂತ ಊರಿಗೆಲ್ಲ ಹೇಳಿ ನಕ್ಕವರು ಯಾರು?”

“ನಾನೇ. ಏನೀಗ?”

“ಕೆಟ್ಟಾಗ ಬನಿಯನ್ ಕಾರಣ, ಸರಿಯಾದಾಗ ಬನಿಯನ್ ಇಲ್ವೇ ಇಲ್ಲ. ಇದು ಯಾವ ಊರ ನ್ಯಾಯ? ಚಿತ್ರ ಕೆಡಿಸೋ ಶಕ್ತಿ ಇರೋದು ಉಪಕರಣ ಅಲ್ದೆ ಇನ್ನೇನು?”

ಮೊಳೆ ಹೊಡೆಯುತ್ತಿದ್ದವರ ಸುತ್ತಿಗೆ ನಿಂತಿತು. ಸಾರ್ ಸುತ್ತ ನೋಡಿದರು.

“ಪಟ್ಟಿಮನ್ರಂ ಶುರು ಮಾಡ್ಬೇಡಮ್ಮ. ಹೀಗ್ಮಾಡು. ಫ್ಯಾಬ್ರಿಕ್ ಡಿಫ್ಯೂಸರ್ ಅಂತ ಬರಿ. ಅರ್ಥ ಅದೇ, ಕೇಳೋಕೂ ಮರ್ಯಾದೆಯಾಗಿರುತ್ತೆ.”

ಪಟ್ಟಿಮನ್ರಂ ಎಂದರೆ ಹಬ್ಬದ ಬೆಳಿಗ್ಗೆ ತಮಿಳು ಟಿವಿಯಲ್ಲಿ ಬರುವ ಚರ್ಚಾಕೂಟ. ನಾನು ವಾದಿಸಲು ಕಲಿತದ್ದೇ ಅದನ್ನು ನೋಡಿ. ಅದರಲ್ಲಿ ನನಗೆ ಸಹಿಸಲಾಗದವನು ಒಬ್ಬನೇ: ನಡುವೆ ಕೂರುವ ತೀರ್ಪುಗಾರ. ಎರಡೂ ಕಡೆಯವರು ಗಂಟಲು ಹರಿದುಕೊಂಡ ಮೇಲೆ ಆತ ಎದ್ದು, ಅದೂ ಬೇಕು ಇದೂ ಬೇಕು ಎಂದು ಕೈಮುಗಿದು ಮುಗಿಸಿಬಿಡುತ್ತಾನೆ. ಫ್ಯಾಬ್ರಿಕ್ ಡಿಫ್ಯೂಸರ್ ಅಂಥದೇ ತೀರ್ಪು.

“ಬನಿಯನ್ನಿಗೆ ಮರ್ಯಾದೆ ಇಲ್ವಾ ಸಾರ್?”

ಅವರು ದನಿ ತಗ್ಗಿಸಿದರು. “ನೋಡಮ್ಮ, ನಾಳೆ ಶಾಲೆ ಮಕ್ಕಳು ಬರ್ತಾರೆ, ಟೀಚರುಗಳು ಬರ್ತಾರೆ. ಗೋಡೆ ಮೇಲೆ ಒಳಉಡುಪಿನ ಹೆಸರು ಬರೆಯೋಕಾಗುತ್ತಾ?”

ಆಗ ಅರ್ಥವಾಯಿತು. ನಾವಿಬ್ಬರೂ ಜಗಳವಾಡುತ್ತಿದ್ದದ್ದು ಒಂದೇ ಬಟ್ಟೆಯ ಮೇಲಲ್ಲ. ಅವರ ಕನ್ನಡದಲ್ಲಿ ಬನಿಯನ್ ಎಂದರೆ ಅಂಗಿಯೊಳಗೆ ತೊಡುವುದು, ಅತಿಥಿ ಬಂದರೆ ಹಗ್ಗದಿಂದ ಎಳೆದು ಬಚ್ಚಿಡುವುದು. ನಮ್ಮ ಕಡೆ ಹೆಣೆದ ಬಟ್ಟೆಯದೆಲ್ಲ ಬನಿಯನ್ನೇ: ಕಾಲರಿನ ಟಿ ಶರ್ಟು, ಕೂಸಿನ ಅಂಗಿ, ಹಡಗು ಹತ್ತುವ ಪೆಟ್ಟಿಗೆಗಟ್ಟಲೆ ಸರಕು. ‘ಅವ್ರಿಗೆ ಏನು ಕೆಲಸ?’ ‘ಬನಿಯನ್ ಕಂಪನಿ.’ ಸಂಬಂಧ ಕೇಳಲು ಬಂದವರೆದುರು ಎದೆ ಸೆಟೆಸಿ ಹೇಳುವ ಮಾತು ಅದು.

“ಸಾರ್, ನಾನು ಕಟ್ಟಿದ್ದು ಟಿ ಶರ್ಟು.”

ಅವರ ಮುಖ ಅರಳಿತು. “ಅಯ್ಯೋ, ಹಾಗೆ ಹೇಳಬಾರದಾ! ಟಿ ಶರ್ಟ್ ಅಂತ ಬರಿ. ಮುಗೀತಲ್ಲ.”

ಬೇರೆ ಯಾರಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ಉಪಕರಣ ಹೌದೆಂದು ಅವರೇ ಒಪ್ಪಿಯಾಗಿತ್ತು. ಆದರೆ ಮರುದಿನ ಅತ್ತೆ ಬಂದು ತಮಿಳಿನಲ್ಲಿ ಆ ಕಾರ್ಡನ್ನು ಓದುವವರು. ಅವರ ಕೈದಾಟಿ ಬಂದ ವಸ್ತು ಅವರು ಕರೆಯುವ ಹೆಸರಿನಲ್ಲೇ ಅಲ್ಲಿರಬೇಕಿತ್ತು.

“ಇಲ್ಲ ಸಾರ್. ಬನಿಯನ್ನೇ. ನಿಮ್ಮೂರ ನಾಚಿಕೆಗೆ ನಮ್ಮೂರ ಹೆಸರನ್ನ ಎದಕ್ಕೆ ಮಾತ್ಬೇಕು?”

‘ಮಾತ್ಬೇಕು’ ಅಂದರೆ ಬದಲಾಯಿಸಬೇಕು. ಸಿಟ್ಟು ಬಂದರೆ ನನ್ನ ಕನ್ನಡಕ್ಕೆ ತಮಿಳು ನುಗ್ಗುತ್ತದೆ. ಅವರಿಗೂ ಸಿಟ್ಟು ಬಂದಿತ್ತು.

“ಹಾಗಾದ್ರೆ ಚಿತ್ರ ಇರ್ಲಿ, ಕಾರ್ಡೇ ಬೇಡ,” ಎಂದು ಕಾರ್ಡನ್ನು ಜೇಬಿಗಿಳಿಸಿದರು. ಚಿತ್ರವನ್ನು ಮೂಲೆಯಲ್ಲಿ, ಕುಡಿಯುವ ನೀರಿನ ಕ್ಯಾನುಗಳ ಪಕ್ಕ ತೂಗುಹಾಕಿಸಿದರು.

ಭಾನುವಾರ ಬಾಗಿಲು ತೆರೆದಾಗಿನಿಂದ ನಾನು ಅದರ ಪಕ್ಕ ನಿಂತೆ. ಕಾರ್ಡಿಗೆ ಇಷ್ಟೇ ಸಾಲು ಎಂಬ ಮಿತಿಯಿತ್ತು. ನನಗೆ ಇರಲಿಲ್ಲ. ಸೆಕೆಗೆ ಎಲ್ಲರಿಗೂ ಬಾಯಾರಿಕೆ. ನೀರಿಗೆ ಬಂದವರು ಯಾರೂ ನನ್ನಿಂದ ತಪ್ಪಿಸಿಕೊಳ್ಳಲಿಲ್ಲ.

“ಇದನ್ನ ತೆಗಿಯೋ ಮೆಷೀನು ಎಷ್ಟು ಲಕ್ಷ ಅಮ್ಮಣಿ?” ಎಂದು ಲೋಟ ಹಿಡಿದ ಹಿರಿಯರೊಬ್ಬರು ತಮಿಳಿನಲ್ಲಿ ಕೇಳಿದರು.

“ಲಕ್ಷದ್ದು ಅಲ್ಲಿದೆ ಅಯ್ಯಾ, ನಡುವಿನ ಗೋಡೇಲಿ. ಚೆನ್ನಾಗಿದೆ, ನೋಡಿ. ಇದು ಹಳೇ ಕ್ಯಾಮೆರಾ, ಬನಿಯನ್.”

“ಬನ್ಯನ್ನಾ?” ಅವರು ಲೋಟ ಕೆಳಗಿಟ್ಟರು. “ಎಷ್ಟು ಜಿಎಸ್ಸೆಂ?”

ಬಟ್ಟೆಯ ತೂಕ ಎಷ್ಟು ಎಂದು ಕೇಳಿದರು! ಆ ದಿನ ನನ್ನನ್ನು ಲೆನ್ಸಿನ ಬಗ್ಗೆ ಕೇಳಿದವರು ಕಡಿಮೆ. ರಿಬ್ ಬಟ್ಟೆಯಾದರೆ ಗೆರೆ ಬೀಳುವುದಿಲ್ಲವೇ, ಎರಡು ಪದರ ಮಾಡಬೇಕೇ, ಮನೆಯಲ್ಲಿ ಇಂಥದೇ ಕ್ಯಾಮೆರಾ ಸುಮ್ಮನೆ ಬಿದ್ದಿದೆ, ಅದರಲ್ಲೂ ಆಗುತ್ತದೆಯೇ ಎಂದು ಕೇಳಿದವರೇ ಹೆಚ್ಚು.

ಅತ್ತೆ ಬಂದರು. ಚಿತ್ರದ ತುಂಬ ಹುಡುಕಿದರು.

“ಇದ್ರಲ್ಲಿ ನಮ್ ಬನಿಯನ್ ಎಲ್ಲಿ?”

“ಕಾಣಬಾರ್ದು ಅತ್ತೆ. ಕಾಣಿಸ್ದೆ ಇದ್ರೇ ಅದು ಸರಿಯಾಗಿ ಕೆಲಸ ಮಾಡಿದೆ ಅಂತ.”

“ನಮ್ ಚೆಕಿಂಗ್ ತರಾನೇ ಅನ್ನು. ಸರಿ ಇದ್ರೆ ಕೇಳೋರಿಲ್ಲ, ಒಂದು ತೂತು, ಓಟೆ ಇದ್ರೆ ಅಮೆರಿಕಾದಿಂದ ಫೋನು.” ಆಮೇಲೆ ಅಕ್ಕಪಕ್ಕದ ಗೋಡೆ ನೋಡಿ, “ಎಲ್ಲಾದಕ್ಕೂ ಚೀಟಿ ಇದೆ, ನಿಂದಕ್ಕೆ ಎದಕ್ಕೆ ಇಲ್ಲ?” ಅಂದರು.

“ಬನಿಯನ್ ಅಂತ ಬರೆದಿದ್ದೆ. ಅವ್ರು ಬೇಡ ಅಂದ್ರು,” ಎಂದು ಸಾರ್ ಕಡೆ ತೋರಿಸಿದೆ.

ತಡೆಯುವಷ್ಟರಲ್ಲಿ ಅತ್ತೆ ಸಭಾಂಗಣ ದಾಟಿದ್ದರು. ಅಂದು ಸಾರ್ ಕೂಟದ ಹೆಸರು ಅಚ್ಚೊತ್ತಿದ ಬಿಳೀ ಟಿ ಶರ್ಟಿನಲ್ಲಿದ್ದರು. ಅತ್ತೆ ನಮಸ್ಕಾರ ಹೇಳಿ, ತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು.

“ಒಳ್ಳೇ ಬನಿಯನ್ ಸಾರ್. ಎಲ್ಲಿ ಹೊಲ್ಸಿದ್ರಿ?”

ಸುತ್ತ ನಿಂತ ಟೀಚರುಗಳು ಯಾರೂ ನಾಚಲಿಲ್ಲ. ಒಬ್ಬರು ಮುಂದೆ ಬಂದು, ಶಾಲೆಯ ಕ್ರೀಡಾದಿನಕ್ಕೆ ತಮಗೂ ಬೇಕು, ಎಷ್ಟಾಗುತ್ತದೆ ಎಂದು ಅತ್ತೆಯನ್ನೇ ವಿಚಾರಿಸಿದರು. ಸ್ವಲ್ಪ ಹೊತ್ತಿಗೆ ಇಬ್ಬರು ಕಾಲೇಜು ಹುಡುಗಿಯರು ನನ್ನಲ್ಲಿಗೆ ಬಂದು, “ಫ್ಲಾಟ್ ಅಂದ್ರೆ ಏನು ಅಂತ ಅಧ್ಯಕ್ಷರನ್ನ ಕೇಳಿದ್ವಿ. ಆ ಬನಿಯನ್ ಹುಡುಗೀನ ಕೇಳಿ ಅಂದ್ರು,” ಎಂದರು.

ಸಂಜೆ ಚಿತ್ರಗಳನ್ನು ಇಳಿಸುವಾಗ ಸಾರ್ ಏಣಿಯ ಮೇಲಿದ್ದರು.

“ಮುಂದಿನ ಸಲಕ್ಕೆ ನಿಯಮ ಬದಲಾಯಿಸ್ತೀನಿ. ಕಾರ್ಡಲ್ಲಿ ದುಡ್ಡು ಕೊಟ್ಟು ಕೊಂಡ ಉಪಕರಣ ಮಾತ್ರ.”

“ಬದಲಾಯಿಸಿ ಸಾರ್. ತಿರುಪ್ಪೂರು ಖಾದರ್‌ಪೇಟೆ ಬನಿಯನ್ ಅಂಗಡೀಲಿ ಬಿಲ್ ಹಾಕಿಸ್ಕೊಂಡು ಬನಿಯನ್ ತರ್ತೀನಿ.”

“ಮೊದಲು ಏಣಿ ಹಿಡ್ಕೊ.”

ಹಿಡಿದುಕೊಂಡೆ. ಹಿಡಿದುಕೊಂಡೇ ಕೇಳಿದೆ: “ಈ ಏಣಿ ನಾವು ಕೊಂಡದ್ದಲ್ಲ ಸಾರ್, ಶಾಲೆದು. ಇದು ಉಪಕರಣಾನಾ, ಅಲ್ವಾ?”