ಮೋಜಣಿದಾರರ ಮೂರನೆಯ ಹಾಳೆ

ನಾನು ಚಾಪೆಯೆಂದು ಕೂತದ್ದು ನಕ್ಷೆಯಾಗಿತ್ತು. "ಏಳ್ರಿ, ಇಡೀ ಹೊನವಾಡ ಊರು ನಿಮ್ಮ ಕೆಳಗ ಸಿಕ್ಕೈತಿ!" ಎಂದು, ಊರೂರು ಅಳೆದು ನಕ್ಷೆ ಬರೆಯುವ ಮೋಜಣಿದಾರ ಬಸಗೊಂಡಪ್ಪನವರು ಗದರಿದಾಗ ನನ್ನ ತೂಕಕ್ಕೆ ನಾನೇ ನಾಚಿದೆ. ಅವರು ಮದುವೆಯೂಟಕ್ಕೂ ಹೋಳಿಗೆ ಬುಟ್ಟಿ ಬರುವ ದಾರಿ ಗುರುತಿಸಿಕೊಂಡೇ ಕೂಡುವವರು. ಯಾವ ಊರೇ ಇರಲಿ, ಆಚೆ ಕಾಣುವಂಥ ಒಂದು ತೆಳು ಹಾಳೆಯಲ್ಲಿ ಮನೆ, ಇನ್ನೊಂದರಲ್ಲಿ ಬಾವಿ, ಮೂರನೆಯದರಲ್ಲಿ ಹೆಂಗಸರು ನೀರಿಗೆ ನಡೆಯುವ ದಾರಿ ಬರೆಯುತ್ತಾರೆ. ಮೂರನ್ನೂ ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದು, "ಈಗ ನೋಡ್ರಿ, ಊರಿನ ಹೊಟ್ಟ್ಯಾಗಿಂದೆಲ್ಲಾ ಕಾಣ್ತೈತಿ" ಎನ್ನುತ್ತಾರೆ. ಹೊನವಾಡದ ಮೂರನೆಯ ಹಾಳೆಗಾಗಿ, ಕೊನೆಯ ಓಣಿಯ ಮುದುಕಿ ಹೊಳೆವ್ವನ ಕೊಡವನ್ನು ತಾವೇ ಹೊತ್ತು ಹೆಜ್ಜೆ ಎಣಿಸಿದ್ದರಂತೆ. ಸರ್ಕಾರ ಮಂಜೂರು ಮಾಡಿದ ಒಂದೇ ಹೊಸ ಬಾವಿ ತಮ್ಮ ವಾಡೆಯ ಮುಂದೆಯೇ ಆಗಬೇಕೆಂದು ಊರ ಗೌಡರು ಪಟ್ಟು ಹಿಡಿದಿದ್ದರು; ಇವರು ನಕ್ಷೆಯಲ್ಲಿ ಆ ಬಾವಿಯ ಗುರುತನ್ನು ಹೊಳೆವ್ವನ ಓಣಿಗೆ ಹಾಕಿದರು. "ಗೌಡ್ರು ಕೇಳಿದ್ರ ಏನಂತೀರಿ?" ಎಂದೆ. "ಗೌಡ್ರು ಕೊಡಾ ಹೊತ್ತದ್ದು ನನ್ನ ಹಾಳ್ಯಾಗ ಎಲ್ಲೂ ಕಾಣ್ಲಿಲ್ಲರಿ" ಎಂದರು.