ಅವ್ವ ಜಗಲಿಗೇರಿಸಿದ ನೊಣ

ಚಳ್ಳಕೆರೆಯ ಪೇಟೆಯಲ್ಲಿ ಮೀನು ಹಿಡಿಯುವ ಗಾಳ, ದಾರ ಮಾರುವ ಅಂಗಡಿಯೊಂದಿದೆ. ಮೀನು ಮುಟ್ಟದ ಮನೆಯವನಿಗೆ ಅಲ್ಲೇನು ಕೆಲಸ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ, ಕೊಟ್ಟರೆ ಜಗಳವಾಗುತ್ತದೆ. ಮಧ್ಯಾಹ್ನ ಹೋಗಿ ಬೆಂಚಿನ ಮೇಲೆ ಕೂರುತ್ತೇನೆ, ಅಷ್ಟೆ. ಅಂಗಡಿಯ ಯಜಮಾನರು ಮೊಳಕಾಲ್ಮೂರಿನ ಮಗ್ಗಗಳಲ್ಲಿ ಉಳಿದ ರೇಷ್ಮೆ ಎಳೆಗಳನ್ನು ಹುಂಜದ ಗರಿಯೊಡನೆ ಸಣ್ಣ ಕೊಕ್ಕೆಗೆ ಸುತ್ತಿ, ಮೀನನ್ನು ಮರುಳು ಮಾಡುವ ಹುಸಿ ನೊಣ ಕಟ್ಟುತ್ತಾರೆ. ಅವರ ಬೆರಳನ್ನೇ ನೋಡುತ್ತಿದ್ದರೆ ಹೊರಗಿನ ಬಿಸಿಲು ಕೆರೆಯ ನೀರಿನಂತೆ ಅಲುಗಾಡುತ್ತದೆ. ಆಟೋಗಳ ಸದ್ದು ಎಲ್ಲೋ ಆಳದಿಂದ ಬಂದಂತಿರುತ್ತದೆ.

ಒಮ್ಮೆ ಅವರು ಕೊಟ್ಟ ನೇರಳೆ ಬಣ್ಣದ ನೊಣವನ್ನು ಅಂಗಿ ಜೇಬಿನಲ್ಲೇ ಮರೆತೆ. ಬಟ್ಟೆ ಒಗೆಯುವಾಗ ಅದು ಅವ್ವನ ಕೈಗೆ ಸಿಕ್ಕಿತು. ಅವಳ ಮದುವೆ ಸೀರೆಯದೂ ಅದೇ ಬಣ್ಣ. ಯಾವುದೋ ಅಲಂಕಾರದ ಕುಚ್ಚು ಎಂದುಕೊಂಡು, ದೇವರ ಜಗಲಿಯ ಬಟ್ಟೆಗೆ ಆ ಕೊಕ್ಕೆಯಿಂದಲೇ ಸಿಕ್ಕಿಸಿಬಿಟ್ಟಳು.

"ಎಷ್ಟು ಚೆಂದ ಐತಲ್ಲೋ, ಎಲ್ಲಿ ತಂದೆ?"

ಹುಂಜದ ಗರಿ ಲಿಂಗದ ಪಕ್ಕ ಕೂತಿತ್ತು. "ಪೇಟೇಲಿ, ಅವ್ವ" ಎಂದೆ.

ಮರುದಿನ ಯಜಮಾನರಿಗೆ ಹೇಳಿದೆ. ನಕ್ಕಾರು ಎಂದುಕೊಂಡಿದ್ದೆ, ನಗಲಿಲ್ಲ. ಕೈಯಲ್ಲಿದ್ದ ಕೆಲಸ ಬದಿಗಿಟ್ಟು, ಡಬ್ಬಿಯಲ್ಲಿ ಅದೇ ನೇರಳೆ ಎಳೆ ಹುಡುಕಿದರು. ಗರಿಯಿಲ್ಲದೆ, ಕೊಕ್ಕೆಯಿಲ್ಲದೆ, ಬರೀ ರೇಷ್ಮೆಯಲ್ಲೇ ಅಂಥದೇ ಇನ್ನೊಂದು ಕಟ್ಟಿ ನನ್ನ ಅಂಗೈಯಲ್ಲಿಟ್ಟರು.

"ಅದನ್ನ ತೆಗೆದು ಇದನ್ನ ಇಡ್ರಿ. ದೀಪ ಹಚ್ಚುವಾಗ ಅವ್ವಾರ ಕೈಗೆ ಚುಚ್ಚೀತು."