ಕುಯ್ಲಿಗೆ ಬಂದ ರ‍್ಯಾಪ್ ಹಾಡು

ನಾನು ಮೊದಲಿನಿಂದಲೂ ಸಿಡುಕಿ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಾಗ ಮಕ್ಕಳು ನನಗೊಂದು ಅಡ್ಡಹೆಸರು ಇಟ್ಟಿದ್ದರಂತೆ. ಅದೇನೆಂದು ಕೇಳುವ ಧೈರ್ಯ ನನಗೂ ಇರಲಿಲ್ಲ, ಹೇಳುವ ಧೈರ್ಯ ಅವರಿಗೂ ಇರಲಿಲ್ಲ. ನಿವೃತ್ತಿಯಾದ ಮೇಲೆ ಸಿಡುಕಲು ಮಕ್ಕಳಿಲ್ಲದೆ ಮಂಗಗಳ ಮೇಲೆ, ಮನೆಯವರ ಮೇಲೆ, ಟೀವಿಯಲ್ಲಿ ತಪ್ಪು ಕನ್ನಡ ಮಾತಾಡುವವರ ಮೇಲೆ ಸಿಡುಕುತ್ತಿದ್ದೇನೆ. ಇಂಥವಳ ಎದುರಿಗೆ ಹೋದ ಸಲದ ಕಾಫಿ ಕುಯ್ಲಿನಲ್ಲಿ ನನ್ನ ಮಗಳು ಸ್ಪೀಕರ್ ತಂದು, ಗಿಡದ ರೆಂಬೆಗೆ ನೇತುಹಾಕಿ, ರ‍್ಯಾಪ್ ಹಾಡು ಹಾಕಿದಳು.

ನಮ್ಮದು ಸೋಮವಾರಪೇಟೆ ಕಡೆಯ ಸಣ್ಣ ತೋಟ. ಎಸ್ಟೇಟು ಎನ್ನುವಂತಿಲ್ಲ; ಲೆಕ್ಕ ಬರೆಯುವ ರೈಟರೂ ಇಲ್ಲ, ಆಳುಗಳಿರುವ ಲೈನ್‌ಮನೆಗಳೂ ಇಲ್ಲ. ಕುಯ್ಲಿಗೆ ಜನ ಸಿಗುವುದು ಕಷ್ಟವಾದ ಮೇಲೆ ನಮ್ಮ ಸುತ್ತಿನ ನಾಲ್ಕೈದು ಮನೆಯ ಹೆಂಗಸರು ಮುಯ್ಯಾಳು ಮಾಡಿಕೊಂಡಿದ್ದೇವೆ. ಇವತ್ತು ನಮ್ಮ ತೋಟಕ್ಕೆ ಅವರು, ನಾಳೆ ಅವರ ತೋಟಕ್ಕೆ ನಾವು. ಕೂಲಿಯ ಮಾತಿಲ್ಲ, ಊಟ, ಕಾಫಿ, ಬಾಯಿ ತುಂಬ ಹರಟೆ. ಸೊಂಟಕ್ಕೆ ಚೀಲ ಕಟ್ಟಿ, ಗಿಡ ಬಗ್ಗಿಸಿ, ಚಗಳಿ ಇರುವೆ ಕಚ್ಚಿದ ಕಡೆ ಉಜ್ಜಿಕೊಳ್ಳುತ್ತ ಹಣ್ಣು ಬಿಡಿಸುವಾಗ ಮೊದಲೆಲ್ಲ ಹಾಡೂ ಇರುತ್ತಿತ್ತು. ಹಾಡುತ್ತಿದ್ದವಳು ನನ್ನ ವಾರಗಿತ್ತಿ, ಅಂದರೆ ನನ್ನ ಗಂಡನ ತಮ್ಮನ ಹೆಂಡತಿ.

ಅವಳ ಗಂಟಲಿನ ಬಗ್ಗೆ ನಾನು ಹೆಚ್ಚು ಹೇಳಿದರೆ ಮನೆಯವಳೆಂದು ಹೊಗಳುತ್ತಾಳೆ ಅಂದುಕೊಳ್ಳುತ್ತೀರಿ. ಸುತ್ತಲ ಹಳ್ಳಿಗಳಲ್ಲಿ ಅವಳಿಲ್ಲದೆ ಹಸೆಯ ಮುಂದೆ ಸೋಬಾನೆ ಶುರುವಾಗುತ್ತಿರಲಿಲ್ಲ ಎಂದಷ್ಟೇ ಹೇಳುತ್ತೇನೆ. ಸೋಬಾನೆಗಿಂತಲೂ ಜನ ಕಾಯುತ್ತಿದ್ದದ್ದು ಆಮೇಲಿನ ಬೀಗರನ್ನು ಜರಿಯುವ ಹಾಡಿಗೆ. ಗಂಡಿನ ಕಡೆಯವರ ಮೂಗು, ಬೊಜ್ಜು, ಜಿಪುಣತನ ಯಾವುದನ್ನೂ ಅವಳು ಬಿಡುತ್ತಿರಲಿಲ್ಲ. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ, ತಿರುಗಿ ಹಾಡಬೇಕು. ಅದೇ ಪದ್ಧತಿ.

ಎರಡು ವರ್ಷದ ಹಿಂದೆ ನನ್ನ ಮೈದುನ ಎದೆನೋವು ಅಂತ ಕೂತವನು ಏಳಲಿಲ್ಲ. ಆಮೇಲೆ ಅವಳನ್ನು ಯಾರೂ ಹಾಡಲು ಕರೆಯಲಿಲ್ಲ. ಮುತ್ತೈದೆಯರು ಹೇಳುವ ಹಾಡು ಅದು, ಗಂಡ ಸತ್ತವಳು ಬಾಯಿ ಹಾಕಬಾರದು. ನಮ್ಮ ಅತ್ತೆ ಇದನ್ನು ಜೋರಾಗಿಯೇನೂ ಹೇಳಲಿಲ್ಲ. ತಾವೂ ಹಾಗೇ ಬದುಕಿದವರು, ಹೇಳುವ ಅಗತ್ಯವೂ ಇರಲಿಲ್ಲ. ನಾನು ಜಗಳವಾಡಿದೆ. ಆದರೆ ಜಗಳಕ್ಕೆ ಮೊದಲು ಅಡ್ಡ ಬಂದವಳು ವಾರಗಿತ್ತಿಯೇ. ಮದುವೆಮನೆಯ ಹಾಡು ಹೋಗಲಿ, ಪಾತ್ರೆ ತೊಳೆಯುವಾಗ ಗುನುಗುವುದನ್ನೂ ನಿಲ್ಲಿಸಿಬಿಟ್ಟಳು.

ಅಷ್ಟರಲ್ಲಿ ನನ್ನ ಮಗಳ ಮದುವೆ ಗೊತ್ತಾಯಿತು. ಹುಡುಗ ಕುಶಾಲನಗರದ ಕಡೆಯವನು, ಶುಂಠಿ ಬೆಳೆಯುವ ಮನೆ, ಹಾಸನದಿಂದ ಬಂದು ನೆಲೆನಿಂತವರು. ಎಲ್ಲ ಸರಿಯಾಗಿಯೇ ಇತ್ತು. ನನಗೆ ಉಳಿದಿದ್ದು ಒಂದೇ ಆಸೆ: ನನ್ನ ಮಗಳ ಹಸೆಯ ಮುಂದೆ ವಾರಗಿತ್ತಿ ಹಾಡಬೇಕು. ನಾನು ಊರಿನ ಮಕ್ಕಳಿಗೆಲ್ಲ ಪದ್ಯ ಬಾಯಿಪಾಠ ಮಾಡಿಸುತ್ತಿದ್ದಾಗ ನನ್ನ ಮಗುವನ್ನು ಹಾಡಿ ಮಲಗಿಸಿದವಳು ಅವಳು. ಮಗಳಿಗೂ ಅದೇ ಹಟ. ಕೇಳಿದ್ದಕ್ಕೆ ವಾರಗಿತ್ತಿ, "ಬ್ಯಾಡ ಕಣಕ್ಕ. ನಾಳೆ ಮಗೀಗೆ ಒಂದು ಹೆಚ್ಚುಕಮ್ಮಿಯಾದ್ರೆ ನನ್ ತಲೆ ಮ್ಯಾಲೆ ಬತ್ತದೆ. ನೀವು ಹೇಳಲ್ಲ, ಜನ ಹೇಳ್ತರೆ. ಜನ ಬ್ಯಾಡ, ನನ್ ಮನಸೇ ಹೇಳ್ತದೆ," ಎಂದಳು. ಮಗಳು, "ಹಂಗಾದ್ರೆ ನಾನು ಹಸೆ ಮೇಲೆ ಕೂರಲ್ಲ," ಎಂದರೆ, ಅವಳು, "ನಾನು ಅವತ್ತು ತವರಿಗೆ ಹೊಂಟೋಯ್ತೀನಿ," ಎಂದಳು. ಅಲ್ಲಿಗೆ ಮಾತು ನಿಂತಿತು.

ಇನ್ನು ಆ ರ‍್ಯಾಪ್ ಹಾಡಿಗೆ ಬರುತ್ತೇನೆ. ಮಗಳು ಮಡಿಕೇರಿಯಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮದುವೆಗೆ ಮುಂಚೆ ರಜೆ ಹಾಕಿ ಬಂದವಳು ಕುಯ್ಲಿಗೂ ಬಂದಳು, ಜೊತೆಗೆ ಸ್ಪೀಕರೂ ಬಂತು. ಡಂ ಡಂ ಎಂಬ ಸದ್ದು, ಮೇಲೆ ಒಬ್ಬ ಹುಡುಗನ ಅವಸರದ ಮಾತು. ಮೂವತ್ತು ವರ್ಷ ಶಬ್ದಾರ್ಥ ಹೇಳಿ ಹೊಟ್ಟೆ ಹೊರೆದವಳು ನಾನು, ಕಿವಿಗೆ ಬಿದ್ದ ಮಾತಿನ ಅರ್ಥ ಬಿಡಿಸದೆ ಇರಲಾರೆ. ಬಿಡಿಸಿ ನೋಡಿದರೆ ಮೈ ಉರಿಯಿತು. ಹುಡುಗಿಯರು ಇವನ ಕಾರು ನೋಡಿ ಹತ್ತಿ, ಬಡವನೆಂದು ಗೊತ್ತಾದರೆ ಇಳಿದು ಹೋಗುತ್ತಾರಂತೆ. ಅವರು ಅತ್ತರೆ ನಂಬಬಾರದಂತೆ. ಹೆಣ್ಣಿನ ಕಣ್ಣೀರು ನಲ್ಲಿ ನೀರಂತೆ, ತಿರುಗಿಸಿದರೆ ಬರುತ್ತದಂತೆ. ಬಾಕಿಯದನ್ನು ಬರೆಯಲು ನನ್ನ ಪೆನ್ನು ಒಪ್ಪುವುದಿಲ್ಲ.

"ಏನು ಹೇಳ್ತಿದಾನೆ ಅಂತ ಕೇಳಿಸ್ಕೊಂಡ್ಯೇನೇ?" ಎಂದು ಕೂಗಿದೆ.

"ಮಾತು ಯಾರಮ್ಮ ಕೇಳ್ತಾರೆ? ಬೀಟ್ ಕೇಳು ಬೀಟು," ಎಂದು ಮಗಳು ರೆಂಬೆ ಹಿಡಿದುಕೊಂಡೇ ಸೊಂಟ ಕುಣಿಸಿದಳು.

ಅವಳು ಚಿಕ್ಕವಳು, ಹೋಗಲಿ. ಆದರೆ ನಮ್ಮ ಮುಯ್ಯಾಳಿನ ಹೆಂಗಸರು! ಮೊಮ್ಮಕ್ಕಳನ್ನು ಕಂಡವರು, ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಬರುವವರು, ಅವರ ತಲೆಗಳೆಲ್ಲ ಆ ಸದ್ದಿಗೆ ಸರಿಯಾಗಿ ಆಡುತ್ತಿದ್ದವು. ಹಣ್ಣು ಬಿಡಿಸುವ ಕೈಗಳಿಗೂ ಅದೇ ಲಯ ಬಂದಿತ್ತು. ಬೈಯುವವನ ತಾಳಕ್ಕೆ ಬೈಸಿಕೊಳ್ಳುವವರು ಕುಣಿಯುವುದೆಂದರೆ ಇದೇ ಎಂದುಕೊಂಡು ಸ್ಪೀಕರ್ ಆರಿಸಲು ಹೊರಟೆ. ಅದರ ಗುಂಡಿ ಎಲ್ಲಿದೆ ಎಂದು ತಿಳಿಯದೆ ತಡಕಾಡುತ್ತಿದ್ದೆ.

ಆಗ ಹುಡುಗ ಮತ್ತೆ ಆ ನಲ್ಲಿ ನೀರಿನ ಮಾತು ಹೇಳಿದ. ಅದಾದ ಮೇಲೆ ಹಾಡಿನಲ್ಲಿ ಒಂದು ಖಾಲಿ ಜಾಗವಿದೆ, ಬರೀ ಡಂ ಡಂ. ಆ ಖಾಲಿ ಜಾಗದಲ್ಲಿ, ಆಚೆ ಸಾಲಿನ ಗಿಡಗಳ ಮರೆಯಿಂದ, ಎರಡು ವರ್ಷದಿಂದ ಕೇಳದ ದನಿಯೊಂದು ಎದ್ದಿತು.

"ನಲ್ಲಿ ತಿರುವೋ ಜಾಣ, ನಮ್ಮ ನಲ್ಲಿ ತಿರುವೋ ಜಾಣ,
ನಿಮ್ಮವ್ವ ಅತ್ತ ನೀರಲ್ಲೇ ನೀ ಮಿಂದು ಬೆಳೆದೆಯೋ ಕೋಣ!"

ತೋಟದಲ್ಲಿ ಎದ್ದ ನಗುವಿಗೆ ಮರದ ಮೇಲಿನ ಹಕ್ಕಿಗಳು ಹಾರಿಹೋದವು. ನಾನು ಮಾತ್ರ ನಗಲಿಲ್ಲ. ಕಟ್ಟಿಹೋದ ಗಂಟಲು ಅಂದುಕೊಂಡಿದ್ದೆವಲ್ಲ, ಅದು ಒಂದಿಷ್ಟೂ ಸವೆದಿರಲಿಲ್ಲ. ಹಸೆಯ ಮುಂದಿನ ಹಳೆಯ ಮಟ್ಟನ್ನು ಅವಳು ಆ ಡಂ ಡಂ ಮೇಲೆ ಕೂರಿಸಿದ ರೀತಿ ಹೇಗಿತ್ತೆಂದರೆ, ಅದು ಅಲ್ಲಿಗೇ ಹುಟ್ಟಿದ್ದೇನೋ ಎನ್ನುವ ಹಾಗಿತ್ತು. ಹುಡುಗ ಮುಂದಿನ ಮಾತು ಹೇಳಿದ, ಅವಳು ಅದಕ್ಕೂ ಕೊಟ್ಟಳು. ಕಾರಿನ ಮಾತಿಗೆ, ಡೀಸೆಲಿಗೆ ಗತಿಯಿಲ್ಲದೆ ದಿಣ್ಣೆಯಲ್ಲಿ ನೂಕಿಸಿಕೊಂಡವನ ಕಥೆ ಕಟ್ಟಿದಳು. ಸ್ಪೀಕರಿನ ಮೇಲಿದ್ದ ನನ್ನ ಕೈ ತಾನಾಗಿ ಕೆಳಗಿಳಿಯಿತು.

ಊಟಕ್ಕೆ ಕೂತಾಗ ನಾನು ಅವಳ ಪಕ್ಕಕ್ಕೆ ಸರಿದೆ. "ಇದನ್ನ ಹಾಡ್ತೀಯ, ಮಗಳ ಮದುವೇಲಿ ಹಾಡಲ್ಲ ಅಂತೀಯ. ಇದೆಂಥ ನ್ಯಾಯ ಕಣೇ?" ಎಂದೆ.

ಅವಳು ರೊಟ್ಟಿ ಮುರಿಯುತ್ತ ಹೇಳಿದಳು: "ಅದು ಶುಭದ ಹಾಡು ಅಕ್ಕ, ನಾನು ಬಾಯ್ ಹಾಕಬಾರದು. ಇದ್ರಲ್ಲಿ ಶುಭ ಎಲ್ಲೈತೆ, ಕೆಡಕ್ಕೆ? ಬೈಯೋನಿಗೆ ತಿರುಗ್ಸಿ ಬೈಬ್ಯಾಡ ಅಂತ ಯಾವ ಶಾಸ್ತ್ರದೋರೂ ಹೇಳಿಲ್ಲ." ಆಮೇಲೆ, "ಇನ್ನೊಂದು ಅಕ್ಕ. ಆವಯ್ಯ ಹೆಂಗಸ್ರನ್ನೆಲ್ಲ ಒಂದೇ ಸಮ ಬೈತನೆ. ಮುತ್ತೈದೆ ಇತ್ಲಾಗೆ, ಮುಂಡೆ ಅತ್ಲಾಗೆ ಅಂತ ಬ್ಯಾರೆ ಮಾಡಲ್ಲ. ಅವನ ಹಾಡಲ್ಲಿ ನಾನೂ ಒಬ್ಬಳು," ಎಂದಳು.

ಅವಳು ನಗುತ್ತಲೇ ಹೇಳಿದ್ದು. ನಾನು ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟೆ. ಹೆಣ್ಣಿನ ಮಾನದ ಬಗ್ಗೆ ತರಗತಿಯಲ್ಲಿ ಎಷ್ಟು ಭಾಷಣ ಮಾಡಿದ್ದೇನೋ ನಾನು. ಮಾನ ಕಳೆಯುವ ಹಾಡಿನಲ್ಲಿ ಒಬ್ಬಳಿಗೆ ಕೂರಲು ಜಾಗ ಸಿಗಬಹುದು ಎಂಬುದು ಕನಸಿನಲ್ಲೂ ಹೊಳೆದಿರಲಿಲ್ಲ. ಆ ಹಾಡು ಒಳ್ಳೆಯದೆಂದು ಈಗಲೂ ಹೇಳುವುದಿಲ್ಲ. ಆ ಹುಡುಗ ಕೈಗೆ ಸಿಕ್ಕರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ. ಆದರೆ ಕುಯ್ಲು ಮುಗಿಯುವವರೆಗೆ ಬೆಳಿಗ್ಗೆ ತೋಟಕ್ಕೆ ಹೋದ ಕೂಡಲೇ, "ಎಲ್ಲೇ ನಿನ್ನ ಸ್ಪೀಕರು?" ಎಂದು ಮಗಳನ್ನು ಕೇಳುತ್ತಿದ್ದವಳು ನಾನೇ.

ಮದುವೆ ಕುಶಾಲನಗರದ ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನ ನಮ್ಮ ಅಂಗಳದಲ್ಲಿ ಚಪ್ಪರ, ಅರಿಶಿನದ ಶಾಸ್ತ್ರ. ಗಂಡಿನ ಅಕ್ಕಂದಿರು, ಅತ್ತೆಯರು ವ್ಯಾನು ತುಂಬ ಬಂದಿಳಿದರು. ವಾರಗಿತ್ತಿ ತವರಿಗೇನೂ ಹೋಗಿರಲಿಲ್ಲ, ಆದರೆ ಹಿತ್ತಿಲ ಒಲೆಯ ಹತ್ತಿರ ಒಬ್ಬಟ್ಟು ಬೇಯಿಸುವವರ ಜೊತೆ ಸೇರಿಕೊಂಡು ಅಂಗಳದ ಕಡೆಗೆ ಬರಲೇ ಇಲ್ಲ. ನಮ್ಮ ಅತ್ತೆ ಜಗಲಿಯ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಗೋಡೆಗೆ ಒರಗಿದ್ದರು.

ಮಗಳನ್ನು ಮಣೆಯ ಮೇಲೆ ಕೂರಿಸಿ ಮುತ್ತೈದೆಯರು ಅರಿಶಿನ ಹಚ್ಚತೊಡಗಿದರು. ಹಾಡಬೇಕಲ್ಲ? ಒಬ್ಬಳು ಎತ್ತಿಕೊಂಡಳು, ಇನ್ನೊಬ್ಬಳು ಬೇರೆ ಶ್ರುತಿಯಲ್ಲಿ ಸೇರಿಕೊಂಡಳು, ಎರಡನೆಯ ನುಡಿಗೆ ಬರುವಷ್ಟರಲ್ಲಿ ಇಬ್ಬರಿಗೂ ಮರೆತುಹೋಯಿತು. ಮೂರನೆಯವಳು ಮೊಬೈಲಿನಲ್ಲಿ ಹುಡುಕಲು ಕನ್ನಡಕ ತರಿಸಿದಳು. ಗಂಡಿನ ಕಡೆಯ ದಪ್ಪ ಹೆಂಗಸೊಬ್ಬಳು ಎಲ್ಲರಿಗೂ ಕೇಳುವಂತೆ, "ಅಯ್ಯೋ, ನಿಮ್ ಕಡೆ ಹಾಡೋರೇ ಇಲ್ವೇನ್ರಮ್ಮ? ನಮ್ಮನೆಗೆ ಬರೋ ಹುಡುಗಿ ಮೂಕರ ಮನೆಯೋಳಾ?" ಎಂದಳು. ಅವಳು ಹೇಳಿದ್ದು ಪದ್ಧತಿಯ ಪ್ರಕಾರವೇ; ಜರಿಯುವುದಕ್ಕೆ ಅದು ಕರೆ. ಆದರೆ ತಿರುಗಿ ಕೊಡಲು ನಮ್ಮಲ್ಲಿ ಯಾರೂ ಇರಲಿಲ್ಲ. ನನಗೆ ಅವಮಾನದಿಂದ ಕಣ್ಣಲ್ಲಿ ನೀರು ಬಂತು.

ಮಗಳು ಮುಖ ತುಂಬ ಅರಿಶಿನ ಮೆತ್ತಿಕೊಂಡೇ ಗೆಳತಿಯ ಕಿವಿಯಲ್ಲಿ ಏನೋ ಹೇಳಿದಳು. ಸ್ಪೀಕರ್ ಶುರುವಾಯಿತು. ಅದೇ ಹಾಡು! ನೋಡನೋಡುತ್ತಿದ್ದಂತೆ ಗಂಡಿನ ಅಕ್ಕಂದಿರು ಎದ್ದರು, ಅವರ ಅತ್ತೆಯರೂ ಎದ್ದರು, ಮೂಕರ ಮನೆ ಎಂದ ದಪ್ಪ ಹೆಂಗಸೂ ಎದ್ದಳು. ರೇಷ್ಮೆ ಸೀರೆ ಉಟ್ಟ, ಅರಿಶಿನದ ಕೈಯ ಅಷ್ಟೂ ಹೆಂಗಸರು, ತಮ್ಮ ಕಣ್ಣೀರನ್ನು ನಲ್ಲಿ ನೀರೆಂದು ಹಂಗಿಸುವ ಹಾಡಿಗೆ ಕೈ ಎತ್ತಿ ಕುಣಿದರು. ಎಷ್ಟು ಚೆಂದ ಕುಣಿದರು! ಅವನ ಮಾತು ಅವರ ಮೈಗೆ ತಾಗುತ್ತಲೇ ಇರಲಿಲ್ಲ. ಸಿಪ್ಪೆ ಉಗುಳಿ ಹಣ್ಣು ತಿನ್ನುವಂತೆ ತಾಳವನ್ನಷ್ಟೇ ತೆಗೆದುಕೊಂಡಿದ್ದರು. ನಾನು ಬೆರಗಾಗಿ ನಿಂತುಬಿಟ್ಟೆ.

ನಲ್ಲಿಯ ಮಾತು ಬಂತು, ಆಮೇಲಿನ ಖಾಲಿ ಜಾಗವೂ ಬಂತು. ನಮ್ಮ ಮುಯ್ಯಾಳಿನ ಹೆಂಗಸರು ಕುಣಿಯುವುದನ್ನು ನಿಲ್ಲಿಸಿ ಹಿತ್ತಿಲ ಬಾಗಿಲ ಕಡೆ ತಿರುಗಿದರು. ಏನೂ ಕೇಳಿಸಲಿಲ್ಲ. ಎರಡನೆಯ ಸಲವೂ ಆ ಜಾಗ ಖಾಲಿಯೇ ಹೋಯಿತು. ಮಗಳು ಮಣೆಯ ಮೇಲೆ ತಲೆ ತಗ್ಗಿಸಿದಳು. ಮೂರನೆಯ ಸಲ, ಗೋಡೆಯ ಆಚೆಯಿಂದ, ಹೊಗೆಯ ನಡುವಿನಿಂದ, ಬಂದೇ ಬಂತು.

"ಹಾಡು ಕೇಳೋಕೆ ಬಂದ್ಲು ಬೀಗಿತಿ, ಹಾಡು ಕೇಳೋಕೆ ಬಂದ್ಲು,
ಹಾಡಿನ ನೆವದಲ್ಲಿ ಹತ್ತು ಒಬ್ಬಟ್ಟ ಸೆರಗಲ್ಲಿ ಕಟ್ಕೊಂಡ್ಲು!"

ಚಪ್ಪರವೇ ಎದ್ದು ಹೋಗುವ ಹಾಗೆ ಗಂಡಿನ ಕಡೆಯವರು ಕೇಕೆ ಹಾಕಿದರು. ದಪ್ಪ ಹೆಂಗಸು ಸೆರಗು ಬಿಚ್ಚಿ ಝಾಡಿಸಿ ತೋರಿಸಿ, "ಯಾರದು ಒಳಗಿರೋಳು? ಬಾರೇ ಈಚೆಗೆ!" ಎಂದು ಕೂಗಿದಳು. ಒಳಗಿನಿಂದ ಯಾರೂ ಬರಲಿಲ್ಲ, ದನಿಯೂ ನಿಂತಿತು. ಯಾರೋ ಸ್ಪೀಕರ್ ಆರಿಸಿದರು. ನನ್ನ ಕಣ್ಣು ಅತ್ತೆಯ ಮೇಲೆ ಹೋಯಿತು. ಅವರೊಂದು ಮಾತು ಆಡಿದರೆ ಮುಗಿಯಿತು, ಅವಳು ಇನ್ನು ಜನ್ಮದಲ್ಲಿ ಬಾಯಿ ತೆಗೆಯುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು. ಅತ್ತೆ ಗೋಡೆಗೆ ಒರಗಿದ್ದವರು ನೆಟ್ಟಗೆ ಕೂತರು. ಬಾಯಿಯ ಎಲೆ ಅಡಿಕೆಯನ್ನು ಅಂಗಳದ ಅಂಚಿಗೆ ಉಗುಳಿದರು. ಆಮೇಲೆ ಸೀಳಿದ, ನಡುಗುವ, ನಾವು ಯಾರೂ ಕೇಳಿರದ ದನಿಯಲ್ಲಿ ಎತ್ತಿಕೊಂಡರು.

"ಬಾಯಿ ಬಂತಮ್ಮ ಮುಂದೆ, ಬೀಗಿತಿ ಬಂದ್ಲು ಹಿಂದೆ..."

ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ನಮ್ಮ ಮಾವ ತೀರಿಕೊಂಡಿದ್ದರು. ಅತ್ತೆಗೆ ಹಾಡು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ, ಅವರ ಮಗನಿಗೂ ಗೊತ್ತಿರಲಿಲ್ಲ. ಯಾರು ಹಾಡಿದ್ದೆಂದು ನೋಡಲು ವಾರಗಿತ್ತಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅತ್ತೆಯ ತುಟಿ ಇನ್ನೂ ಅಲುಗುತ್ತಿತ್ತು, ಆದರೆ ಮಾತು ಬರುತ್ತಿರಲಿಲ್ಲ. ಅವರು ಸಣ್ಣ ಸೊಸೆಯನ್ನು ನೋಡಿದರು.

"ಮುಂದಿಂದು ಮರ್ತೋಗೈತೆ ಕಣವ್ವ," ಎಂದರು. "ಬಾಳ ವರ್ಷ ಆಯ್ತು. ನೀನು ಹೇಳು."

ಅವಳು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, ನನ್ನ ಮಗಳ ಮಣೆಯ ಪಕ್ಕದಲ್ಲಿ ನಿಂತು, ಹೇಳಿದಳು.